ಒದ್ದೆ ಕೋರ್ಟಿನ ಮೇಲೆ ಯಾರ ಹೆಜ್ಜೆ?

ನನ್ನ ಮೊಮ್ಮಗಳು ಚೈತ್ರಾಳಿಗೆ ಕಾಲೇಜಿನಲ್ಲಿ ಆಟದ ಮೇಡಂ ಕೆಲಸ ಸಿಕ್ಕಿದೆ. ಆರ್ಡರಿನಲ್ಲಿ ಅದಕ್ಕೆ ‘ದೈಹಿಕ ಶಿಕ್ಷಣ ಬೋಧಕಿ’ ಎಂದು ದೊಡ್ಡ ಹೆಸರು ಬರೆದಿದ್ದಾರೆ. ಓಕಳಿಪುರದ ನಮ್ಮ ಬೀದಿಯಲ್ಲಿ ಈ ವಿಷಯ ತಿಳಿಯದ ಮನೆ ಇಲ್ಲ. ನಾನೇ ಹೋಗಿ ಹೇಳಿ ಬಂದಿದ್ದೇನೆ. ಹಾಲಿನವನಿಗೆ ಹೇಳಿದೆ, ಇಸ್ತ್ರಿಯವನಿಗೆ ಹೇಳಿದೆ, ರೈಲ್ವೆ ಸೇತುವೆ ಪಕ್ಕ ಹೂ ಮಾರುವವಳಿಗೆ ಎರಡು ಸಲ ಹೇಳಿದೆ.

“ಅಜ್ಜಿ, ನಿನ್ನೇನೂ ಇದೇ ಹೇಳಿದ್ರಿ” ಎಂದಳು ಅವಳು.

“ನಿನ್ನೆ ಹೇಳಿದ್ದು ನಿಂಗೆ ಗೊತ್ತಾಗ್ಲಿ ಅಂತ. ಇವತ್ತು ಹೇಳ್ತಿರೋದು ನನ್ ಖುಷಿಗೆ” ಎಂದೆ. ಹೂವನ್ನು ಒಂದು ಗೇಣು ಜಾಸ್ತಿಯೇ ಕೊಟ್ಟಳು.

ಚೈತ್ರಾ ಸೇರಿರುವ ಕಾಲೇಜಿನಲ್ಲಿ ಮೈದಾನ ಇದೆ, ಹಾಸ್ಟೆಲ್ ಇದೆ, ಗೋಡೆಯಾಚೆ ವೈನ್ ಸ್ಟೋರೂ ಇದೆಯಂತೆ. ಈ ಮೂರೂ ಅಕ್ಕಪಕ್ಕ ಇರುವ ಜಾಗದಲ್ಲಿ ಕೆಲಸ ಮಾಡುವುದೆಂದರೆ ಏನು ಎಂದು ನನ್ನನ್ನು ಕೇಳಬೇಕು. ಅವಳೂ ಕೇಳಿದಳು. “ಬಾಯಲ್ಲಿ ಹೇಳಿದ್ರೆ ಮರೆತೋಗ್ತೀನಿ ಅಜ್ಜಿ, ಬರ್ದುಕೊಡು. ನನ್ ಜೊತೆ ಸೇರಿರೋರೂ ಓದ್ತಾರೆ” ಎಂದಳು. ನಾನು ಶಾಲೆಗೆ ಹೋದದ್ದು ಐದನೇ ಕ್ಲಾಸಿನವರೆಗೆ. ಅಕ್ಷರ ದುಂಡಾಗಿ ಬರುವುದಿಲ್ಲ, ಆದರೆ ಹೇಳಬೇಕಾದ್ದು ಬೇಕಾದಷ್ಟಿದೆ. ಅದರಲ್ಲೂ ಮಲ್ಲೇಶ ಎಂಬ ಹುಡುಗನ ವಿಷಯ ಹೇಳಲೇಬೇಕು. ಒಂದು ಜೊತೆ ಚಪ್ಪಲಿಯಿಂದ ಅವನ ಹಾಸ್ಟೆಲ್ ಸೀಟು ಹೋಗುವುದರಲ್ಲಿತ್ತು. ಸೀಟು ಹೋದರೆ ಓದೂ ಅಲ್ಲಿಗೇ ನಿಲ್ಲುತ್ತಿತ್ತು. ಅದು ಅರ್ಥವಾಗಬೇಕಾದರೆ ಮೊದಲು ನಮ್ಮ ಕೆಲಸ ಎಂಥದ್ದೆಂದು ಗೊತ್ತಾಗಬೇಕು.

ನನ್ನ ಯಜಮಾನರು ಶಂಕರಪುರದ ಒಂದು ಕಾಲೇಜಿನಲ್ಲಿ ಗ್ರೌಂಡ್‌ಮ್ಯಾನ್ ಆಗಿದ್ದರು. ಕಾಲೇಜಿನ ಹೆಸರು ಬೇಡ. ಅವರು ತೀರಿಕೊಂಡ ಮೇಲೆ ಆಡಳಿತ ಮಂಡಳಿಯವರು ಆ ಕೆಲಸವನ್ನು ನನಗೇ ಕೊಟ್ಟರು. ಹೆಂಗಸು ಗ್ರೌಂಡ್ ನೋಡಿಕೊಳ್ಳುತ್ತಾಳಾ ಎಂದು ಆಫೀಸಿನಲ್ಲಿ ಒಂದಿಬ್ಬರು ನಕ್ಕರು. ಗುಡಿಸುವುದು, ನೀರು ಚಿಮುಕಿಸುವುದು, ಬಿಳಿ ಗೆರೆ ಎಳೆಯುವುದು, ಇಷ್ಟೇ ತಾನೇ, ದಿನಾ ಬಾಗಿಲಲ್ಲಿ ಮಾಡುವುದನ್ನು ಇಲ್ಲಿ ದೊಡ್ಡದಾಗಿ ಮಾಡಿದರಾಯಿತು ಎಂದು ನಾನು ಸೇರಿಕೊಂಡೆ.

ನಮ್ಮಲ್ಲಿ ಹೆಸರು ಮಾಡಿದ್ದ ಆಟ ಬಾಲ್ ಬ್ಯಾಡ್ಮಿಂಟನ್. ಹಳದಿ ಉಲ್ಲನ್ ಚೆಂಡು, ಒಂದೊಂದು ಕಡೆಗೆ ಐದು ಜನ, ನಡುವೆ ನೆಟ್ಟು, ಕೆಳಗೆ ಕೆಂಪು ಮಣ್ಣಿನ ಕೋರ್ಟು. ಮೊದಲ ವಾರ ಗೆರೆಗೆ ಸುಣ್ಣದ ಪುಡಿ ಹಾಕುವಾಗ ಕೈ ತನ್ನ ಪಾಡಿಗೆ ತಾನು ಓಡಿ, ಮೂಲೆ ಬಂದಲ್ಲೆಲ್ಲ ಒಂದು ಸುತ್ತು, ಒಂದು ಎಸಳು ಹಾಕಿಬಿಟ್ಟಿದ್ದೆ. ಆಟದ ಮೇಷ್ಟ್ರು ಪರಮಶಿವಯ್ಯನವರು ಬಂದು ನೋಡಿದರು.

“ಇದೇನಮ್ಮಾ ಕೆಂಪಮ್ಮ?”

“ಗೆರೆ ಸಾರ್.”

“ಗೆರೆ ಗೊತ್ತು. ಹೂವು ಯಾಕೆ? ಚೆಂಡು ಹೂವಿನ ಮೇಲೆ ಬಿದ್ರೆ ಒಳಗಾ, ಹೊರಗಾ?”

ಹುಡುಗರು ಮಾತ್ರ ಒಂದು ತಿಂಗಳು ಅದನ್ನೇ ಹಿಡಿದುಕೊಂಡಿದ್ದರು. ಪಾಯಿಂಟಿಗೆ ಜಗಳ ಬಂದಾಗಲೆಲ್ಲ “ಹೂವಿನ ಮೇಲೆ ಬಿತ್ತು ಮಗಾ, ಪೂಜೆ ಮಾಡು” ಎನ್ನುವರು.

ಕೋರ್ಟಿನ ಕೆಲಸ ಹೀಗೆ. ಸಂಜೆ ಆಟ ಮುಗಿದ ಮೇಲೆ ಗುಡಿಸಬೇಕು, ನೀರು ಹಾಕಬೇಕು, ನೀರು ಇಂಗಿದ ಮೇಲೆ ಕಲ್ಲಿನ ರೋಲರ್ ಎಳೆದು ಬಿಟ್ಟುಬಿಡಬೇಕು. ಬೆಳಗಾಗುವ ತನಕ ಅದರ ಮೇಲೆ ಯಾರೂ ಕಾಲಿಡಕೂಡದು. ಇಟ್ಟರೆ ಹೆಜ್ಜೆ ಹಾಗೇ ಅಚ್ಚೊತ್ತಿ ಒಣಗುತ್ತದೆ. ನಾಯಿ ಬಂದಿದ್ದರೆ ನಾಯಿ, ಬೆಕ್ಕು ಬಂದಿದ್ದರೆ ಬೆಕ್ಕು, ಬೆಳಿಗ್ಗೆ ಎಲ್ಲವೂ ಕಾಣುತ್ತದೆ. ನಾನು ದಿನಾ ಬಂದ ತಕ್ಷಣ ಮಾಡುತ್ತಿದ್ದ ಮೊದಲ ಕೆಲಸ ಕೋರ್ಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೆಜ್ಜೆ ಹುಡುಕುವುದು.

ಅನುಮಾನ ಪಡುವುದನ್ನು ನನಗೆ ಕಲಿಸಿದವರು ಪರಮಶಿವಯ್ಯ ಮೇಷ್ಟ್ರು. ಬಲು ಶಿಸ್ತಿನ ಮನುಷ್ಯ. “ಕೆಂಪಮ್ಮ, ನೀರಿನ ಬಾಟ್ಲಿಯೊಳಗೆ ನೀರೇ ಇರತ್ತೆ ಅಂತ ಯಾವತ್ತೂ ನಂಬ್ಬೇಡಿ” ಎನ್ನುವರು. ಆಟಕ್ಕೆ ಮೊದಲು ಹುಡುಗರನ್ನು ಸಾಲಾಗಿ ನಿಲ್ಲಿಸಿ ಒಂದೊಂದೇ ಬಾಟ್ಲಿಯ ಮುಚ್ಚಳ ತೆಗೆದು ಮೂಸುವರು. ಒಂದು ಸಲ ಒಬ್ಬನ ಬಾಟ್ಲಿಯಲ್ಲಿ ಕಂದು ಬಣ್ಣದ್ದು ಸಿಕ್ಕಿತು. ಮೇಷ್ಟ್ರು ಮೂಸಿ, ಮುಖ ಸಿಂಡರಿಸಿ, ತೆಂಗಿನ ಮರದ ಬುಡಕ್ಕೆ ಸುರಿದರು. ಅದು ಶೀತಕ್ಕೆಂದು ಹುಡುಗನ ತಾಯಿ ಕಾಸಿ ಕಳಿಸಿದ್ದ ಕಷಾಯ. ಸಂಜೆಗೆ ಆ ತಾಯಿಯೇ ಗೇಟಿಗೆ ಬಂದು, “ಮೆಣಸು, ಶುಂಠಿ, ದೊಡ್ಡಪತ್ರೆ ಹಾಕಿ ಅರ್ಧ ಗಂಟೆ ಕುದಿಸಿದ್ದೆ ಸ್ವಾಮಿ. ಮರಕ್ಕೆ ಶೀತ ಆಗಿತ್ತಾ?” ಎಂದು ಕೇಳಿದರು. ಮೇಷ್ಟ್ರು ಕೈ ಮುಗಿದರು. ಆದರೆ ಮಾರನೆಯ ದಿನವೂ ಮೂಸುವುದನ್ನು ಬಿಡಲಿಲ್ಲ. ಆ ಚಟ ನನಗೂ ಅಂಟಿತು.

ಸ್ವಲ್ಪ ದಿನ ಕಳೆದ ಮೇಲೆ ಕಿಟ್ ಬ್ಯಾಗುಗಳಲ್ಲಿ ಬೇರೆ ಥರದ ಬಾಟ್ಲಿಗಳು ಕಾಣಿಸಿಕೊಂಡವು. ಮೇಲೆ ಆಯುರ್ವೇದದ ಚೀಟಿ, ದಶಮೂಲಾರಿಷ್ಟ ಎಂದು ಹೆಸರು. ಮೇಷ್ಟ್ರಿಗೆ ಖುಷಿಯಾಯಿತು. ಹುಡುಗರು ಕಂಡಕಂಡ ಬಣ್ಣದ ನೀರು ಬಿಟ್ಟು ನಮ್ಮ ಔಷಧಿಗೆ ಬಂದರು, ಮೈಗೆ ಶಕ್ತಿ ಎಂದು ಹೊಗಳಿದರು. ನನಗೆ ಮಾತ್ರ ಒಳಗೊಳಗೇ ಕಸಿವಿಸಿ. ನನ್ನ ಎರಡು ಬಾಣಂತನದಲ್ಲೂ ಅದನ್ನು ಕುಡಿದಿದ್ದೆ, ರುಚಿ ನೆನಪಿತ್ತು. ಆದರೂ ಗಂಡುಹುಡುಗರ ವಿಷಯ, ನಾನು ಬಾಯಿ ಬಿಡಲಿಲ್ಲ. ಒಂದು ದಿನ ಕಾಟನ್‌ಪೇಟೆಯಿಂದ ಗ್ರಂಥಿಗೆ ಅಂಗಡಿಯ ವೀರಭದ್ರಪ್ಪನವರು ತಾವೇ ಬಂದರು. ಹಣೆತುಂಬ ವಿಭೂತಿ, ತಲೆತಲಾಂತರದಿಂದ ಬೇರು, ಚೂರ್ಣ ಮಾರಿಕೊಂಡು ಬಂದ ಮನೆತನ. ಮೇಷ್ಟ್ರ ಮುಂದೆ ಕುಳಿತು ನಿಧಾನವಾಗಿ ಕೇಳಿದರು:

“ತಪ್ಪು ತಿಳೀಬೇಡಿ ಮೇಷ್ಟ್ರೇ. ನಿಮ್ ಹಾಸ್ಟೆಲಲ್ಲಿ ಎಷ್ಟು ಜನ ಬಾಣಂತೀರು ಇದಾರೆ?”

ಅರಿಷ್ಟ ಹುಳಿಯಿಸಿ ಮಾಡುವುದರಿಂದ ಅದರಲ್ಲಿ ಅಷ್ಟೋ ಇಷ್ಟೋ ಅಮಲು ಇರುತ್ತದೆ. ಚಮಚದಲ್ಲಿ ಕುಡಿಯಬೇಕಾದ್ದನ್ನು ಬಾಟ್ಲಿಗಟ್ಟಲೆ ಕುಡಿದರೆ ಏನಾಗುತ್ತದೆ ಎಂದು ನಮ್ಮ ಹುಡುಗರು ಕಂಡುಹಿಡಿದುಬಿಟ್ಟಿದ್ದರು. ಅವರ ಹೊಟ್ಟೆಯೂ ಬೇರೆಯದನ್ನು ಕಂಡುಹಿಡಿಯಿತು. ಎರಡು ದಿನ ಟೀಮಿನ ಅರ್ಧ ಜನ ಕಕ್ಕಸಿನ ಮುಂದೆ ಸಾಲು ನಿಂತಿದ್ದರು.

ಗೋಡೆಯದೂ ಒಂದು ಕತೆ. ನಮ್ಮ ಕೋರ್ಟಿನ ಹಿಂದೆ ಕಾಂಪೌಂಡು, ಅದರಾಚೆ ಸಂದಿ, ಸಂದಿಯ ತುದಿಗೆ ವೈನ್ ಸ್ಟೋರು. ಚೆಂಡನ್ನು ಯಾರು ಆಚೆ ಹೊಡೆಯುತ್ತಾರೋ ಅವರೇ ತರಬೇಕು ಎಂಬುದು ಆಟದ ಕಟ್ಟಳೆ. ಒಬ್ಬ ಹುಡುಗನಿದ್ದ, ಬೆಳಿಗ್ಗೆ ಅವನ ಹೊಡೆತ ಸೂಜಿ ಮೊನೆಯ ಹಾಗೆ ಬೀಳುತ್ತಿತ್ತು. ಸಂಜೆಯಾದರೆ ಮಾತ್ರ ಚೆಂಡು ಗೋಡೆ ದಾಟುತ್ತಿತ್ತು. ಹೋದವನು ಬೇಗ ಬರುತ್ತಿರಲಿಲ್ಲ.

“ಚೆಂಡು ತರಕ್ಕೆ ಇಷ್ಟ್ ಹೊತ್ತೇನೋ?”

“ಚರಂಡಿಗೆ ಬಿದ್ದಿತ್ತು ಕೆಂಪಕ್ಕ. ತೊಳ್ಕೊಂಡ್ ಬಂದೆ.”

“ತೊಳೆದ ಉಲ್ಲನ್ನು ಹಿಂಡಿದ್ರೆ ನೀರು ಬರ್ಬೇಕಲ್ವೇನೋ? ಇದು ಹಪ್ಪಳದ ಥರ ಇದೆ.”

“ಬಿಸಿಲಿತ್ತಲ್ಲಕ್ಕಾ...”

“ಮೋಡ ನೋಡು ಮೇಲೆ.”

ಅವನು ಮೇಲೆ ನೋಡಿದ. ಆ ಸಮಯಕ್ಕೆ ಅವನ ಜರ್ಸಿಯೊಳಗಿಂದ ಒಂದು ಬಾಟ್ಲಿ ಜಾರಿ ಕೆಳಗೆ ಬಿತ್ತು. ಅಲ್ಲಿಂದ ಮುಂದೆ ಚೆಂಡು ಆಚೆ ಹೋದರೆ ನಾನೇ ಹೋಗಿ ತರುವುದೆಂದು ಮೇಷ್ಟ್ರು ಮಾಡಿದರು. ವೈನ್ ಸ್ಟೋರಿನವನು ನನ್ನನ್ನು ದಿನಾ ನೋಡಿ, “ಅಮ್ಮಾ, ನಿಮ್ಗೇನ್ ಕೊಡ್ಲಿ?” ಎಂದು ತಮಾಷೆ ಮಾಡುತ್ತಿದ್ದ.

ಮೇಷ್ಟ್ರು ರಿಟೈರ್ ಆದ ಮೇಲೆ ಕಾಲ ಬದಲಾಯಿತು. ಸುಣ್ಣದ ಗೆರೆ ಹೋಗಿ ಮೊಳೆ ಹೊಡೆದ ಬಿಳಿ ಪಟ್ಟಿ ಬಂತು. ಕೊಡದ ಬದಲು ಪೈಪು ಬಂತು. ಮೂಸುವವರ ಬದಲು ಕ್ಯಾಮೆರಾ ಬಂತು. ಕ್ಯಾಮೆರಾ ಹಾಕಿದವನು ಅದನ್ನು ಹೊಂಗೆ ಮರಕ್ಕೆ ಎದುರಾಗಿ ಹಾಕಿ ಹೋದ. ಚಿಗುರು ಬಂದ ಮೇಲೆ ಕೋರ್ಟೂ ಇಲ್ಲ, ಗೇಟೂ ಇಲ್ಲ, ಟೀವಿಯಲ್ಲಿ ಬರೀ ಎಲೆ, ಎಲೆಯ ನಡುವೆ ಒಂದು ಕಾಗೆ ಗೂಡು. ಕೊಂಬೆ ಕಡಿಯಲು ಪರ್ಮಿಷನ್ ಬೇಕು ಎಂದರು. ಹುಡುಗರು ಅದಕ್ಕೆ ಕಾಗೆ ಚಾನಲ್ ಎಂದು ಹೆಸರಿಟ್ಟರು. ಮೊಟ್ಟೆ ಒಡೆದು ಮರಿ ಹೊರಬಂದ ದಿನ ಆಫೀಸಿನವರೆಲ್ಲ ಕೆಲಸ ಬಿಟ್ಟು ನೋಡಿದರು.

ಚೈತ್ರಾ, ನೀನು ಕಾಲೇಜಿಗೆ ಹೋದ ತಕ್ಷಣ ಮೊದಲು ಕ್ಯಾಮೆರಾ ಏನನ್ನು ನೋಡುತ್ತಿದೆ ಎಂದು ನೋಡು.

ಇನ್ನು ಮಲ್ಲೇಶನ ವಿಷಯಕ್ಕೆ ಬರುತ್ತೇನೆ.

ಅವನು ಹಿರಿಯೂರಿನ ಕಡೆಯ ಹುಡುಗ. ಹೊಲ ಮಾಡಿಕೊಂಡಿದ್ದ ಮನೆ. ನಮ್ಮ ಹಾಸ್ಟೆಲಿನಲ್ಲಿ ಊಟ, ವಸತಿ ಎರಡೂ ಪುಕ್ಕಟೆಯಾದ್ದರಿಂದಲೇ ಅವನು ಬೆಂಗಳೂರಿನಲ್ಲಿ ಬಿ.ಕಾಂ. ಕೊನೆಯ ವರ್ಷದವರೆಗೆ ಬಂದಿದ್ದ. ಟೀಮಿನಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ, ಬರಿಗಾಲಿನಲ್ಲೇ ಆಡುತ್ತಿದ್ದ. ಶೂ ಕೊಟ್ಟರೂ “ಕಾಲಿಗೆ ನೆಲ ಸಿಗಲ್ಲ ಅಕ್ಕ” ಎನ್ನುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಜೊತೆ ಚಪ್ಪಲಿ. ಬಲಗಾಲಿನ ಹಿಮ್ಮಡಿ ಸವೆದು, ಅಲ್ಲಿಗೆ ಟೈರಿನ ತುಂಡು ಹಾಕಿ ಮೊಳೆ ಹೊಡೆಸಿದ್ದ.

ಆ ಸಲ ಅಂತರ ಕಾಲೇಜು ಪಂದ್ಯ ನಮ್ಮ ಕೋರ್ಟಿನಲ್ಲೇ ನಡೆಯುವುದಿತ್ತು. ಅದಕ್ಕೆ ಮುಂಚಿನಿಂದಲೇ ಕೋರ್ಟಿನ ಪಕ್ಕ ಖಾಲಿ ಬಾಟ್ಲಿಗಳು ಸಿಗತೊಡಗಿದ್ದವು. ಅಕ್ಕಪಕ್ಕದ ಮನೆಯವರೂ ದೂರು ಕೊಟ್ಟಿದ್ದರು. ಕಾಲೇಜಿನ ಕಾರ್ಯದರ್ಶಿಗಳು ಹಾಸ್ಟೆಲಿಗೆ ಬಂದು, ಇನ್ನೊಂದು ಬಾಟ್ಲಿ ಸಿಕ್ಕಿ ಅದು ಯಾರದೆಂದು ಗೊತ್ತಾದರೆ ಅವನ ಸೀಟು ರದ್ದು, ಅವತ್ತೇ ಪೆಟ್ಟಿಗೆ ಕಟ್ಟಬೇಕು ಎಂದು ಎಲ್ಲರ ಮುಂದೆ ಹೇಳಿ ಹೋಗಿದ್ದರು.

ನನಗೆ ಎಲ್ಲರ ಮೇಲೂ ಅನುಮಾನ. ವಾಚ್‌ಮನ್ ಸಂಜೆಯಾದರೆ ಸಿಕ್ಕಾಪಟ್ಟೆ ಹಾಡು ಹೇಳುತ್ತಿದ್ದ, ಅವನ ಮೇಲೆ ಅನುಮಾನ. ಗೇಟಿನ ಹೊರಗೆ ನಿಲ್ಲುತ್ತಿದ್ದ ಟೆಂಪೋ ಡ್ರೈವರುಗಳ ಮೇಲೆ ಅನುಮಾನ. ಕೋರ್ಟನ್ನು ಕಿತ್ತು ಕಾರು ನಿಲ್ಲಿಸುವ ಜಾಗ ಮಾಡಬೇಕೆಂದು ಕಾರ್ಯದರ್ಶಿಗಳು ಒಂದು ಸಲ ಅಳತೆ ಮಾಡಿಸಿದ್ದರು, ಹಾಗಾಗಿ ಅವರ ಮೇಲೂ ಸ್ವಲ್ಪ ಅನುಮಾನ. ದೊಡ್ಡವರ ಮೇಲಿನ ಅನುಮಾನವನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು, ಅಷ್ಟೇ.

ಪಂದ್ಯದ ಹಿಂದಿನ ದಿನ ಬೆಳಿಗ್ಗೆ ಬಂದು ನೋಡುತ್ತೇನೆ, ನೆಟ್ಟಿನ ಕಂಬದ ಬುಡದಲ್ಲಿ ಎರಡು ಬಾಟ್ಲಿ. ಒಂದು ಒಡೆದು ಚೂರಾಗಿದೆ. ಹಾಸ್ಟೆಲ್ ಜಗಲಿಯ ಕಡೆಯಿಂದ ಕಂಬದವರೆಗೆ ಹೋಗಿ ವಾಪಸ್ ಬಂದ ಚಪ್ಪಲಿಯ ಹೆಜ್ಜೆ. ಬಲಗಾಲಿನ ಹಿಮ್ಮಡಿಯಲ್ಲಿ ಟೈರಿನ ಗೀರು ಅಚ್ಚು ಹಾಕಿದ ಹಾಗೆ ಕೂತಿದೆ. ಗಾಜು ಆರಿಸಿ, ಹೊಸ ಆಟದ ಮೇಷ್ಟ್ರಿಗೆ ತಿಳಿಸಿದೆ. ಅವರು ವಾರ್ಡನ್ ದಯಾನಂದರನ್ನು ಕರೆದರು. ವಾರ್ಡನ್ ಸೀದಾ ಊಟದ ಮನೆಯ ಬಾಗಿಲಿಗೆ ಹೋದರು. ಹಾಸ್ಟೆಲಿನವರ ಚಪ್ಪಲಿಯೆಲ್ಲ ಅಲ್ಲೇ ರಾಶಿ ಬಿದ್ದಿರುತ್ತಿತ್ತು. ಒಂದೊಂದನ್ನೇ ಮಗುಚಿ ನೋಡಿ, ಕೊನೆಗೆ ಟೈರಿನದನ್ನು ಎತ್ತಿ ಹಿಡಿದರು.

“ಯಾರದ್ರೋ ಇದು?”

“ನಂದೇ ಸಾರ್” ಎಂದು ಮಲ್ಲೇಶ ಮುಂದೆ ಬಂದ. ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಇತ್ತು.

“ಕೋರ್ಟಿಗೆ ಹೋಗಿದ್ದೆ ನೀನು.”

“ಇಲ್ಲ ಸಾರ್. ಚಪ್ಪಲಿ ನಂದು. ಹೋಗಿದ್ದು ನಾನಲ್ಲ.”

“ಹಂಗಾದ್ರೆ ಚಪ್ಪಲಿ ಒಂದೇ ನಡ್ಕೊಂಡ್ ಹೋಗಿ, ಕುಡ್ಕೊಂಡ್ ಬಂತಾ?”

ಹುಡುಗರು ನಕ್ಕರು. ನಗಬಾರದ ಜಾಗದಲ್ಲಿ ಮೊದಲು ನಕ್ಕವರು ಯಾರು ಎಂದು ನಾನು ನೋಡಿಟ್ಟುಕೊಂಡೆ.

“ಬಾಗಿಲಲ್ಲಿ ಬಿಟ್ಟಿದ್ದೆ ಸಾರ್. ಯಾರಾದ್ರೂ ಹಾಕ್ಕೊಂಡ್ ಹೋಗಿರ್ಬೋದು.”

“ಸಿಕ್ಕಾಕ್ಕೊಂಡೋರೆಲ್ಲ ಇದೇ ಹೇಳೋದು. ಹೋಗು, ಟ್ರಂಕ್ ಕಟ್ಟು. ಸಾಯಂಕಾಲ ಕಾರ್ಯದರ್ಶಿಗಳು ಬರ್ತಾರೆ.”

ಮಧ್ಯಾಹ್ನ ನೋಡಿದರೆ ಜಗಲಿಯ ಮೇಲೆ ಅವನ ಟ್ರಂಕು, ಸುತ್ತಿದ ಹಾಸಿಗೆ. ಅದರ ಮೇಲೆ ಬ್ಯಾಟು. ಅವನು ನಲ್ಲಿಯ ಹತ್ತಿರ ಸುಮ್ಮನೆ ಕೂತಿದ್ದ. ಊರಿಗೆ ಫೋನ್ ಮಾಡಿದೆಯಾ ಎಂದೆ. ಏನೆಂದು ಮಾಡಲಿ ಎಂದ.

“ನಿಜ ಹೇಳೋ. ಕುಡಿದಿದ್ಯಾ?”

“ಅಕ್ಕ, ನಾನು ಬರಿಗಾಲಲ್ಲಿ ಆಡೋನು. ನಾಳೆ ನಾನು ಓಡೋ ಜಾಗದಲ್ಲಿ ನಾನೇ ಗಾಜು ಒಡೀತೀನಾ?”

ಮಾತು ಸರಿ ಅನ್ನಿಸಿತು. ಆದರೆ ಅನುಮಾನ ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ. “ಕುಡಿದೋನಿಗೆ ನಾಳೆ ಅನ್ನೋದು ಎಲ್ಲಿ ನೆನಪಿರತ್ತೋ” ಎಂದೆ. ಅವನ ಅಂಗಿಯ ಹತ್ತಿರ ಬಗ್ಗಿ ಮೂಸಿದೆ, ಬರೀ ಬೆವರು, ತೆಂಗಿನೆಣ್ಣೆ. ಎಣ್ಣೆ ಯಾಕೆ ಇಷ್ಟು ಹಚ್ಚಿದ್ದಾನೆ ಎಂದು ಮತ್ತೊಂದು ಯೋಚನೆ ಬಂತು.

ಸಾಯಂಕಾಲ ವಿಚಾರಣೆ. ಕಾರ್ಯದರ್ಶಿಗಳು, ವಾರ್ಡನ್, ಆಟದ ಮೇಷ್ಟ್ರು, ಜೊತೆಗೆ ಹಾಸ್ಟೆಲಿನವರೆಲ್ಲರೂ. ಅಷ್ಟು ಜನ ಹಿಡಿಸುವ ಜಾಗ ಊಟದ ಮನೆ ಒಂದೇ. ವಾರ್ಡನ್ ಆ ಚಪ್ಪಲಿಗಳನ್ನು ಪೇಪರಿನಲ್ಲಿ ಸುತ್ತಿ ಒಳಗೆ ತರಲು ಹೋದರು. ಅಡುಗೆ ಶಿವಣ್ಣ ಸೌಟು ಹಿಡಿದುಕೊಂಡೇ ಬಾಗಿಲಿಗೆ ಅಡ್ಡ ನಿಂತ.

“ಎಲ್ಲಿಗ್ ತರ್ತಿದೀರ ಸಾರ್ ಅದನ್ನ?”

“ಸಾಕ್ಷಿ ಕಣಯ್ಯಾ. ಕಾರ್ಯದರ್ಶಿಗಳಿಗೆ ತೋರಿಸ್ಬೇಕು.”

“ಸಾಕ್ಷಿ ಆಗ್ಲಿ, ಏನೇ ಆಗ್ಲಿ, ಚಪ್ಪಲಿ ಚಪ್ಪಲೀನೇ. ಅನ್ನ ಬಡಿಸೋ ಜಾಗ ಇದು. ದೇವರ ಫೋಟೋ ಬೇರೆ ಇದೆ. ಒಳಗ್ ತಂದ್ರೆ ನಾಳೆಯಿಂದ ನೀವೇ ಒಲೆ ಹಚ್ಕೊಳಿ.”

ಕಾರ್ಯದರ್ಶಿಗಳೂ ತಲೆಯಾಡಿಸಿದರು. “ಹೊರಗೇ ಇರ್ಲಿ ಬಿಡ್ರಿ. ಹೋಗೋವಾಗ ನೋಡಿದ್ರಾಯ್ತು” ಎಂದು, ತಾವೂ ಬಾಗಿಲಲ್ಲಿ ಬಗ್ಗಿ, ಲೇಸು ಬಿಚ್ಚಿ, ಬೂಟು ಕಳಚಿ ಒಳಗೆ ಹೋದರು. ವಾರ್ಡನ್ ಪೇಪರು ತೆಗೆದು ಆ ಜೊತೆಯನ್ನು ಹೊಸ್ತಿಲ ಪಕ್ಕ, ಎಲ್ಲಕ್ಕಿಂತ ಮುಂದೆ, ಒಪ್ಪವಾಗಿ ಇಟ್ಟರು.

ನಾನು ಒಳಗೆ ಹೋಗಲಿಲ್ಲ. ಮಾರನೆಯ ದಿನ ಪಂದ್ಯ. ಕೋರ್ಟಿಗೆ ಆಗತಾನೇ ನೀರು ಹಾಕಿ, ರೋಲರ್ ಎಳೆಸಿ ಮುಗಿಸಿದ್ದೆ. ಪೊರಕೆ ಹಿಡಿದುಕೊಂಡು ಅಂಚಿನ ಕಲ್ಲಿನ ಮೇಲೆ ಕಾವಲು ಕೂತಿದ್ದೆ. ಬಿಸಿಲು ಇನ್ನೂ ಹೊಂಗೆ ಮರದ ಮೇಲಿತ್ತು. ಕಿಟಕಿಯಿಂದ ಮಾತು ಕೇಳುತ್ತಿತ್ತು. ವಾರ್ಡನ್ ಹೇಳಿದ್ದನ್ನೇ ಹೇಳುತ್ತಿದ್ದರು. ಕಾರ್ಯದರ್ಶಿಗಳು, “ನಿಂಗೆ ಅನ್ನ ಹಾಕಿದ ಜಾಗದಲ್ಲಿ ಹಿಂಗ್ ಮಾಡ್ಬೋದೇನಪ್ಪ?” ಎಂದು ಕೇಳುತ್ತಿದ್ದರು. ಮಲ್ಲೇಶನದು ಒಂದೇ ಮಾತು: “ಚಪ್ಪಲಿ ನಂದು ಸಾರ್, ಹೋಗಿದ್ದು ನಾನಲ್ಲ.”

“ನಾಳೆ ಬೆಳಿಗ್ಗೆ ಬಸ್ಸಿಗೆ ಕಳಿಸ್ಬಿಡಿ” ಎಂದರು ಕಾರ್ಯದರ್ಶಿಗಳು. “ಕಾಗದ ಟೈಪ್ ಮಾಡಿಸಿ, ನಾನು ಈಗ್ಲೇ ಸೈನ್...”

ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. ಊಟದ ಮನೆಯ ಗೋಡೆ ಹಳೆಯ ಕಲ್ಲಿನದು, ಒಳಗೆ ಸಿಗ್ನಲ್ ಸಿಗುವುದಿಲ್ಲ. “ಹಲೋ, ಹಲೋ, ಇರಿ, ಹೊರಗ್ ಬಂದೆ” ಎನ್ನುತ್ತಾ ಬಂದರು. ಒಂದು ಕೈಯಲ್ಲಿ ಫೋನು. ಲೇಸು ಕಟ್ಟುತ್ತಾ ಕೂರುವುದು ಯಾರು? ಎದುರಿಗೆ ಸಿಕ್ಕಿದ ಚಪ್ಪಲಿಯೊಳಗೆ ಕಾಲು ತೂರಿಸಿದರು. ನಡೆದರು.

ಫೋನಿನಲ್ಲಿ ಮಾತಾಡುವವರ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಜಗಲಿ ಇಳಿದರು, ನಲ್ಲಿ ದಾಟಿದರು, ಕೋರ್ಟಿನ ಕಡೆಗೇ ಬಂದರು.

“ಸಾರ್! ನೀರ್ ಹಾಕಿದೀನಿ ಸಾರ್! ಅದರ್ ಮೇಲ್ ಹೋಗ್ಬೇಡಿ!” ಎಂದು ಕೂಗಿದೆ. ಅವರು ಕೈಯೆತ್ತಿ ಸುಮ್ಮನಿರು ಎಂದು ಸನ್ನೆ ಮಾಡಿ, ಅಂಚಿನ ಪಟ್ಟಿ ದಾಟಿ, ನೆಟ್ಟಿನ ಕಂಬದವರೆಗೆ ಹೋಗಿ ಅಲ್ಲಿ ಒರಗಿಕೊಂಡು ನಿಂತರು. “ಇಲ್ಲಾ ಇಲ್ಲಾ, ಒಂದು ಎನ್‌ಕ್ವೈರೀಲಿದೀನಿ” ಎನ್ನುತ್ತಿದ್ದರು ಫೋನಿಗೆ.

ನನ್ನ ಕೂಗಿಗೆ ವಾರ್ಡನ್ ಓಡಿ ಬಂದರು. ಮೇಷ್ಟ್ರು ಬಂದರು. ಹುಡುಗರು ಕಿಟಕಿಗೆ, ಬಾಗಿಲಿಗೆ ಮುತ್ತಿಕೊಂಡರು. ನಾನು ನೋಡಿದ್ದು ನನ್ನ ಕೋರ್ಟು ಹಾಳಾದದ್ದನ್ನು. ಮಿಕ್ಕವರು ಏನನ್ನು ನೋಡುತ್ತಿದ್ದಾರೆ ಎಂದು ತಿರುಗಿದಾಗಲೇ ನನಗೂ ಕಂಡಿತು. ಜಗಲಿಯ ಕಡೆಯಿಂದ ಕಂಬದವರೆಗೆ ಹೆಜ್ಜೆಯ ಸಾಲು. ಬಲಗಾಲಿನ ಹಿಮ್ಮಡಿಯಲ್ಲಿ ಟೈರಿನ ಗೀರು.

ಕಾರ್ಯದರ್ಶಿಗಳು ಫೋನ್ ಜೇಬಿಗಿಟ್ಟು ಎಲ್ಲರನ್ನೂ ನೋಡಿದರು.

“ಏನ್ರೀ? ಏನಾಯ್ತು?”

“ಸಾರ್, ಚಪ್ಪಲಿ...” ಎಂದರು ವಾರ್ಡನ್.

“ಬಾಗಿಲಲ್ಲಿತ್ತು, ಹಾಕ್ಕೊಂಡೆ. ನಿಮ್ದಾ?”

“ನಮ್ದಲ್ಲ ಸಾರ್.” ವಾರ್ಡನ್ ಚಪ್ಪಲಿಯ ಕಡೆ ಬೆರಳು ತೋರಿಸಿದರು. “ಸಾಕ್ಷಿದು.”

ಕಿಟಕಿಯ ಹಿಂದೆ ಮೊದಲು ಯಾರೋ ಮೂಗಿನಲ್ಲಿ ನಕ್ಕರು. ಆಮೇಲೆ ಇಡೀ ಊಟದ ಮನೆ ನಕ್ಕಿತು. ಅಡುಗೆ ಶಿವಣ್ಣನೂ ಸೌಟಿನಿಂದ ಬಾಯಿ ಮುಚ್ಚಿಕೊಂಡ. ಮಲ್ಲೇಶ ಮಾತ್ರ ನಗಲಿಲ್ಲ. ಜಗಲಿಯ ತುದಿಗೆ ಬಂದು, “ಪರವಾಗಿಲ್ಲ ಸಾರ್, ಹಾಕ್ಕೊಂಡೇ ಬನ್ನಿ. ಅಲ್ಲಿ ಇನ್ನೂ ಗಾಜಿನ ಚೂರು ಇರ್ಬೋದು” ಎಂದ.

ಕಾರ್ಯದರ್ಶಿಗಳು ತಮ್ಮ ಕಾಲನ್ನೂ, ಹಿಂದಿನ ಹೆಜ್ಜೆಗಳನ್ನೂ ಒಂದು ಸಲ ನೋಡಿಕೊಂಡರು. ಕೋಪ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ದೊಡ್ಡ ಅಂಗಡಿ ನಡೆಸಿದ ಮನುಷ್ಯ, ಲೆಕ್ಕ ಎಲ್ಲಿ ತಪ್ಪಿದೆ ಎಂದು ಬೇಗ ತಿಳಿಯುತ್ತದೆ.

“ಹಂಗಾದ್ರೆ ಬಾಗಿಲಲ್ಲಿರೋದನ್ನ ಯಾರ್ ಬೇಕಾದ್ರೂ ಹಾಕ್ಕೊಂಡ್ ಬರ್ಬೋದಲ್ರೀ ದಯಾನಂದ್?”

ವಾರ್ಡನ್ ಬಾಯಿ ತೆರೆಯುವಷ್ಟರಲ್ಲಿ ಕಿಟಕಿಯಿಂದ ಒಂದು ದನಿ ಬಂತು: “ಬೆಳಿಗ್ಗೆಯಿಂದ ಅವ್ನು ಅದೇ ಹೇಳ್ತಿರೋದು ಸಾರ್!”

“ಯಾರದು?” ಎಂದು ವಾರ್ಡನ್ ತಿರುಗಿದರೆ ಅಲ್ಲಿ ಯಾರೂ ಇಲ್ಲ.

ಕಾರ್ಯದರ್ಶಿಗಳು ನ್ಯಾಯವಂತರೇ. ನಲ್ಲಿಯ ಹತ್ತಿರ ಬಂದು ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, “ಹುಡುಗನ ಟ್ರಂಕು ಒಳಗಿಡ್ಸಿ” ಎಂದರು. ಮಲ್ಲೇಶನ ಕಡೆ ತಿರುಗಿ, “ಬಾಟ್ಲಿ ವಿಷ್ಯ ನಾನು ಬಿಟ್ಟಿಲ್ಲ. ನಿನ್ನನ್ನೂ ಬಿಟ್ಟಿಲ್ಲ, ಗೊತ್ತಾಯ್ತಾ? ನಾಳೆ ಆಡು” ಎಂದರು. ಟ್ರಂಕು ಒಳಗಿಡುವುದಕ್ಕೆ ಅಷ್ಟು ಜನ ಮುಗಿಬಿದ್ದದ್ದನ್ನು ನೋಡಿ ನನಗೆ ಮತ್ತೆ ಅನುಮಾನ ಬಂತು. ತಪ್ಪು ಮಾಡಿದವರೇ ಮೊದಲು ಕೈ ಹಾಕುವುದು ಇಂಥ ಕೆಲಸಕ್ಕೆ.

ಬಾಟ್ಲಿ ಯಾರದೆಂದು ಇಂದಿಗೂ ರುಜುವಾತಾಗಿಲ್ಲ. ನನಗೆ ಮೂವರ ಮೇಲೆ ಅನುಮಾನ ಇದೆ. ಹೆಸರು ಬರೆಯುವುದಿಲ್ಲ, ಒಬ್ಬ ಈಗ ಬ್ಯಾಂಕಿನಲ್ಲಿ ಮ್ಯಾನೇಜರು. ಕೋರ್ಟಿಗೆ ಲೈಟು ಹಾಕಿಸಿ, ಊಟದ ಗಂಟೆ ಹೊಡೆಯುವವರೆಗೆ ಹುಡುಗರನ್ನು ಆಡಲು ಬಿಟ್ಟ ಮೇಲೆ ಅಲ್ಲಿ ಬಾಟ್ಲಿ ಬೀಳುವುದು ನಿಂತಿತು. ಕುಡಿಯುವುದು ನಿಂತಿತು ಎಂದು ನಾನು ಹೇಳುತ್ತಿಲ್ಲ. ತಾರಸಿಯ ಮೇಲಿನ ನೀರಿನ ಟ್ಯಾಂಕಿನ ಹಿಂದೆ ಹೋಗಿ ನೋಡಲು ನನಗೆ ಮಂಡಿ ನೋವು.

ಪಂದ್ಯದ ಬೆಳಿಗ್ಗೆ ಬೇಗ ಬಂದೆ. ಕೋರ್ಟಿನ ಮೇಲೆ ಕಾರ್ಯದರ್ಶಿಗಳ ಹೆಜ್ಜೆ ಒಣಗಿ ಕೂತಿತ್ತು. ನೀರು ಚಿಮುಕಿಸಿ ಮತ್ತೆ ಹದ ಮಾಡಬೇಕಿತ್ತು. ಬೇರೆ ಕಾಲೇಜಿನವರು ಬರುವ ಹೊತ್ತಾಗುತ್ತಿತ್ತು. ಮಲ್ಲೇಶ ಕರೆಯದೇ ಬಂದ. ಬರಿಗಾಲಿನಲ್ಲಿ ಕೋರ್ಟಿನ ಉದ್ದಕ್ಕೂ ಮೆಲ್ಲಗೆ ಹೆಜ್ಜೆಯಿಟ್ಟು ಗಾಜು ಉಳಿದಿದೆಯಾ ಎಂದು ಪಾದದಿಂದಲೇ ತಡವಿ ನೋಡಿದ. ಆಮೇಲೆ ರೋಲರಿನ ಹಿಡಿಗೆ ಕೈ ಹಾಕಿ, “ಬನ್ನಿ ಅಕ್ಕ, ಸಾಕ್ಷಿ ಅಳಿಸ್ಬಿಡೋಣ” ಎಂದ.

ಇಬ್ಬರೂ ಎಳೆದೆವು. ಆ ಗೀರು ಒಂದೊಂದಾಗಿ ನೆಲದೊಳಗೆ ಸೇರಿತು. ನನಗೆ ಎಷ್ಟು ಹಗುರಾಯಿತೆಂದರೆ, ನನ್ನ ಮಗನೇ ಉಳಿದುಕೊಂಡಷ್ಟು. ತುದಿಯಲ್ಲಿ ರೋಲರ್ ತಿರುಗಿಸುವಾಗ ಅವನು ನನ್ನ ಕಡೆ ನೋಡಿ ನಕ್ಕ. ಆಗ ಬಾಯಿಂದ ಏಲಕ್ಕಿ ವಾಸನೆ ಬಂತು. ಕುಡಿದವರು ವಾಸನೆ ಮುಚ್ಚಲು ಬೆಳಿಗ್ಗೆ ಎದ್ದು ಏಲಕ್ಕಿ ಅಗಿಯುತ್ತಾರೆ. ನನ್ನ ಕೈ ನಿಂತಿತು.

“ಏಲಕ್ಕಿ ಯಾಕೋ ತಿಂದೆ?”

“ರಾತ್ರಿದು ಪಾಯಸ ಮಿಕ್ಕಿತ್ತು ಅಕ್ಕ. ಶಿವಣ್ಣ ಬೆಳಿಗ್ಗೇನೂ ಕೊಟ್ರು.”

“ಯಾಕೆ ಪಾಯಸ?”

“ಗೊತ್ತಿಲ್ಲ. ನನ್ ಟ್ರಂಕ್ ಒಳಗಿಟ್ಟಿದ್ದಕ್ಕೆ ಅಂತೆ.”

“ಹೌದಾ” ಎಂದೆ. ರೋಲರನ್ನು ಅವನ ಕೈಗೆ ಬಿಟ್ಟು, ಸೆರಗು ಸಿಕ್ಕಿಸಿಕೊಂಡು, ಸೀದಾ ಅಡುಗೆ ಮನೆಗೆ ಹೋದೆ. ಶಿವಣ್ಣ ತಳ ಹಿಡಿದ ಪಾತ್ರೆ ಉಜ್ಜುತ್ತಿದ್ದ.

“ರಾತ್ರಿ ಪಾಯಸ ಮಾಡಿದ್ಯಾ?”

“ಮಾಡಿದ್ದೆ. ಮಲ್ಲೇಶ ಮೂರ್ ಸಲ ಹಾಕಿಸ್ಕೊಂಡ. ಯಾಕ್ ಕೆಂಪಕ್ಕ?”

ಪಾತ್ರೆಯೊಳಗೆ ಬಗ್ಗಿ ಮೂಸಿದೆ. ಏಲಕ್ಕಿಯೇ. ಅದಾದ ಮೇಲೆಯೇ ನಾನು ಹೋಗಿ ನೆಟ್ಟು ಕಟ್ಟಿದ್ದು.